22 ಜಿಬಿ ತಾಳಮದ್ದಳೆಯನ್ನು ಅಪ್ಪನ ಬಟನ್ ಫೋನಿಗೆ ಇಳಿಸಿದ್ದು

ನಮ್ಮೂರ ದೇವಸ್ಥಾನದಲ್ಲಿ ಒಂದು ರಾತ್ರಿ ಕರ್ಣಪರ್ವದ ತಾಳಮದ್ದಳೆ ಇತ್ತು. ಮೂರು ಗಂಟೆಯನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿದೆ. 22 ಜಿಬಿ ಆಯಿತು. ಅಪ್ಪನಿಗೆ ಅದು ಬೇಕಿತ್ತು. ಆದರೆ ಅವರದ್ದು ಬಟನ್ ಫೋನು, ಒಳಗೆ 2 ಜಿಬಿ ಕಾರ್ಡು. ತಾಳಮದ್ದಳೆ ಅಂದರೆ ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತು ಅರ್ಥ ಹೇಳುವುದು. ನೋಡುವುದಕ್ಕೇನಿದೆ, ಮಾತು ಕೇಳಿದರೆ ಸಾಕು ಅಂದುಕೊಂಡೆ.

ಮೊದಲು ಎಫ್‌ಎಫ್‌ಎಂಪೆಗ್‌ನಲ್ಲಿ (ವಿಡಿಯೊ, ಧ್ವನಿ ಬದಲಾಯಿಸುವ ತಂತ್ರಾಂಶ) ಚಿತ್ರ ಬಿಟ್ಟು ಧ್ವನಿ ಮಾತ್ರ ತೆಗೆದೆ. ಕೋಡೆಕ್ (ಧ್ವನಿ ಕುಗ್ಗಿಸುವ ವಿಧಾನ) ಜಾಗದಲ್ಲಿ ‘ಕಾಪಿ’ ಅಂತ ಕೊಟ್ಟರೆ ವಿಡಿಯೊದ ಒಳಗಿನ ಎಎಸಿ ಧ್ವನಿ ಇದ್ದ ಹಾಗೇ ಬರುತ್ತದೆ, ಚೂರೂ ಕೆಡುವುದಿಲ್ಲ. 128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್), ಸುಮಾರು 170 ಎಂಬಿ. ಇದನ್ನು ಮೂಲ ಪ್ರತಿ ಅಂತ ಎತ್ತಿಟ್ಟೆ. ಆಮೇಲಿನ ಎಲ್ಲ ಪ್ರಯೋಗವೂ ಇದರ ಮೇಲೆಯೇ. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಎರಡು ಸಲದ ನಷ್ಟ ಒಟ್ಟಾಗುತ್ತದೆ.

ಮಾತಿಗೆ ಅಂತಲೇ ಇರುವ ಎಎಂಆರ್ ನೆನಪಾಯಿತು. ಮೊಬೈಲ್ ಕರೆಗಳಿಗೆ 1999ರಲ್ಲಿ ಒಪ್ಪಿಕೊಂಡ ಕೋಡೆಕ್ ಅದು. 4.75ರಿಂದ 12.2 ಕೆಬಿಪಿಎಸ್‌ವರೆಗೆ ಎಂಟು ದರಗಳಿವೆ. ಒಂದೇ ಚಾನೆಲ್, ಸೆಕೆಂಡಿಗೆ 8,000 ಸ್ಯಾಂಪಲ್, ಅಂದರೆ ದನಿಯನ್ನು ಅಷ್ಟು ಸಲ ಅಳೆಯುವುದು. ನಾನು 12.2 ಆರಿಸಿದೆ. ಮೂರು ಗಂಟೆ ಬರೀ 17 ಎಂಬಿಗೆ ಇಳಿಯಿತು! ಖುಷಿಯಿಂದ ಕಾರ್ಡಿಗೆ ಹಾಕಿ ಕೊಟ್ಟೆ.

ಐದು ನಿಮಿಷಕ್ಕೆ ಅಪ್ಪ ಕರೆದರು. “ಇದೆಂಥದ್ದು ಮಾರಾಯ, ಚೆಂಡೆಯೋ ತಗಡೋ?”

ಕೇಳಿದೆ. ಅರ್ಥಧಾರಿಗಳ ಮಾತು ಪರವಾಗಿಲ್ಲ. ಭಾಗವತರ ಪದ ಶುರುವಾದದ್ದೇ ನೀರಿನೊಳಗಿಂದ ಹಾಡಿದ ಹಾಗಿತ್ತು. ಎಎಂಆರ್ 20 ಮಿಲಿಸೆಕೆಂಡಿನ ಒಂದೊಂದು ತುಂಡನ್ನೂ ಮನುಷ್ಯನ ಗಂಟಲು, ಬಾಯಿ ದನಿ ಹೊರಡಿಸುವ ಮಾದರಿಗೆ ಹೊಂದಿಸಿಕೊಂಡು, ಆ ಮಾದರಿಯ ಅಂಕಿಗಳನ್ನಷ್ಟೇ ಬರೆದಿಡುತ್ತದೆ. ಅಷ್ಟು ಚಿಕ್ಕದಾಗುವುದು ಅದರಿಂದಲೇ. ಒಬ್ಬರೇ ಮಾತಾಡುವಾಗ ಇದು ಸರಿ. ಪದ, ಮದ್ದಳೆ, ಚೆಂಡೆ, ಜಾಗಟೆ ಒಟ್ಟಿಗೆ ಬಂದರೆ ಯಾವ ಗಂಟಲಿಗೆ ಅಂತ ಹೊಂದಿಸುವುದು?

ಮಾತಿನಲ್ಲೂ ಒಂದು ಕೊರತೆ ಇತ್ತು. 8,000 ಸ್ಯಾಂಪಲ್ ಅಂದರೆ ಅದರ ಅರ್ಧ, 4,000 ಹರ್ಟ್ಸ್‌ಗಿಂತ ಮೇಲಿನದ್ದೆಲ್ಲ ಹೋಯಿತು. ‘ಸ’ಕಾರದ ಶಕ್ತಿ ಜಾಸ್ತಿ ಇರುವುದೇ ಅಲ್ಲಿ. ಹಾಗಾಗಿ ಸ ಯಾವುದು, ಶ ಯಾವುದು ಅಂತ ಸರಿಯಾಗಿ ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಹೆಸರು ಹೇಳುವಾಗ ‘ಸಕ್ಕರೆಯ ಸ’ ಅಂತ ಬಿಡಿಸಿ ಹೇಳಬೇಕಾಗುತ್ತದೆ, ಅಲ್ವಾ? ಅದೇ ಕಥೆ. ಉಚ್ಚಾರದಲ್ಲಿ ಸಣ್ಣ ತಪ್ಪಾದರೂ ಹುಬ್ಬು ಏರಿಸುವ ಅಪ್ಪನಿಗೆ ಇದನ್ನು ಕೊಡುವ ಹಾಗಿರಲಿಲ್ಲ.

ಮುಂದೆ ಓಪಸ್ ಅನ್ನುವ ಕೋಡೆಕ್. 2012ರಲ್ಲಿ ಬಂದದ್ದು. ಮಾತಿಗೊಂದು, ಸಂಗೀತಕ್ಕೊಂದು ಅಂತ ಎರಡು ವಿಧಾನಗಳು ಅದರೊಳಗೇ ಇವೆ. ಮೋನೊ, 24 ಕೆಬಿಪಿಎಸ್, ಸುಮಾರು 32 ಎಂಬಿ. ಪದಗಳಿದ್ದುದರಿಂದ ‘ವಾಯ್ಪ್’ (ಇಂಟರ್ನೆಟ್ ಕರೆಯ ಮಾತಿಗೆ ಇರುವ ಆಯ್ಕೆ) ಬಿಟ್ಟು ‘ಆಡಿಯೊ’ ಆಯ್ಕೆ ಕೊಟ್ಟೆ. ಚೆಂಡೆ ಚೆಂಡೆಯ ಹಾಗೇ ಕೇಳಿತು. ನನ್ನ ಮಟ್ಟಿಗೆ ಈ ಕೆಲಸಕ್ಕೆ ಇದೇ ಸರಿ, ನನ್ನ ಮೊಬೈಲಿನಲ್ಲಿ ಈಗಲೂ ಇರುವುದು ಇದೇ. ಅಪ್ಪನ ಫೋನು ಮಾತ್ರ ಆ ಫೈಲನ್ನು ತೋರಿಸಲೇ ಇಲ್ಲ.

ಕೊನೆಗೆ ಹಳೇ ಎಂಪಿ3. ಮೋನೊ, 32 ಕೆಬಿಪಿಎಸ್, 22,050 ಸ್ಯಾಂಪಲ್, 43 ಎಂಬಿ. ಓಪಸ್‌ನಷ್ಟು ಚೆನ್ನಾಗಿಲ್ಲ, ಜಾಗಟೆ ಸ್ವಲ್ಪ ಚದುರುತ್ತದೆ. ಅಪ್ಪ ಒಪ್ಪಿದರು.

ಇನ್ನೊಂದು ತಾಪತ್ರಯ ಉಳಿದಿತ್ತು. ಆ ಫೋನಿನಲ್ಲಿ ನಿಲ್ಲಿಸಿದರೆ ಮತ್ತೆ ಮೊದಲಿನಿಂದಲೇ ಶುರು. ಹದಿನೈದು ನಿಮಿಷದ ಹನ್ನೆರಡು ತುಂಡು ಮಾಡಿ 1, 2, 3 ಅಂತ ಹೆಸರಿಟ್ಟೆ. ಫೋನು 1 ಆದ ಮೇಲೆ 10, 11, 12 ಹಾಡಿಸಿ ಆಮೇಲೆ 2ಕ್ಕೆ ಬಂತು. ಕರ್ಣನ ರಥದ ಚಕ್ರ ಹೂತುಹೋದ ಮೇಲೆ ಶಲ್ಯ ಸಾರಥಿಯಾಗಲು ಒಪ್ಪಿಕೊಂಡ. ಈಗ 01, 02 ಅಂತಲೇ ಹೆಸರಿಡುತ್ತೇನೆ.