ಅಜ್ಜಿಯ ಅಜ್ಜಿಯನ್ನು ಹುಡುಕುದು ಹೇಗೆ? ಉಡುಪಿ, ಮಂಗಳೂರಿನವರಿಗೆ

ಬ್ರಿಟಿಷರ ಕಾಲದ ಹಿರಿಯರನ್ನು ಹುಡುಕ್ಲಿಕ್ಕೆ ಹೊರಟವರು ಹೆಚ್ಚಿನವರು ಅಪ್ಪ, ಅಪ್ಪನ ಅಪ್ಪ, ಅವರ ಅಪ್ಪ ಅಂತ ಮೇಲೆ ಹೋಗ್ತಾರೆ. ಬಂಟರು, ಬಿಲ್ಲವರು, ಮೊಗವೀರರು, ಹೀಗೆ ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಯವರಿಗೆ ಆ ದಾರಿ ಬೇಗ ನಿಂತುಹೋಗ್ತದೆ, ಯಾಕಂದ್ರೆ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಹೋಗ್ತಿತ್ತು, ಕುಟುಂಬದ ಕಾಗದದಲ್ಲಿ ಅಪ್ಪನ ಹೆಸರು ಬರುವ ಸಂದರ್ಭವೇ ಕಡಿಮೆ. ಹಾಗಾಗಿ ತಾಯಿಯ ತಾಯಿ ಯಾರು, ಅವರ ಅಣ್ಣತಮ್ಮಂದಿರು ಯಾರು, ಅಲ್ಲಿಂದ ಶುರು ಮಾಡಿ.

ದಾಖಲೆಗೆ ಸರ್ಕಾರಿ ಆಫೀಸಿಗೆ ಹೋಗುವ ಮೊದ್ಲು ಮನೆಯ ಹಿರಿಯರ ಹತ್ರ ಮೂರು ವಿಷಯ ಕೇಳಿ ಬರ್ಕೊಳ್ಳಿ: ನಮ್ಮ ಬರಿ (ತಾಯಿಯಿಂದ ಬರುವ ಗೋತ್ರದ ಹಾಗೆ) ಯಾವುದು, ತರವಾಡು ಮನೆ (ಕುಟುಂಬದ ಮೂಲಮನೆ) ಹೆಸರು ಎಂತ, ನಾಗನ ಮೂಲಸ್ಥಾನ ಎಲ್ಲಿ. ಮೂಲಸ್ಥಾನದಲ್ಲಿ ತಂಬಿಲದ (ನಾಗನ ಪೂಜೆಯ) ದಿನ ಬೊಂಬಾಯಿಗೆ ಹೋದ ಕವರಿನವರೂ (ಕವರು ಅಂದ್ರೆ ಒಬ್ಬ ತಾಯಿಯ ಸಂತಾನದ ಶಾಖೆ) ಬರ್ತಾರೆ, ನಮ್ಮ ಮನೆಯಲ್ಲಿ ಮರೆತುಹೋದ ಹೆಸರು ಅವರ ಮನೆಯ ಅಜ್ಜಿಗೆ ನೆನಪಿರ್ತದೆ. ಅಂಥ ಅಜ್ಜಿಯಂದಿರು ಇರುವಾಗಲೇ ಕೇಳ್ಬೇಕು ಮಾರಾಯ್ರೆ, ದಾಖಲೆ ಮತ್ತೆ ಹುಡುಕ್ಬಹುದು.

ಇನ್ನು ಕಾಗದದ ವಿಷಯ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುದು ಪಾಲುಪಟ್ಟಿಯಲ್ಲಿ. ಮೊದ್ಲು ಕುಟುಂಬದ ಆಸ್ತಿ ಪಾಲಾಗ್ಬೇಕಾದ್ರೆ ಎಲ್ಲರೂ ಒಪ್ಪಬೇಕಿತ್ತು, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. ಆಮೇಲೆ ಆದ ಪಾಲುಪಟ್ಟಿಗಳಲ್ಲಿ ಸಣ್ಣ ಮಕ್ಕಳನ್ನೂ ಸೇರಿಸಿ ಕುಟುಂಬದವರ ಹೆಸರು ಪಟ್ಟಿ ಮಾಡಿರ್ತಾರೆ. ನಮ್ಮದು ಅಟ್ಟದ ಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು, 1953ರದ್ದು, ಮಡಿಕೆ ಇದ್ದಲ್ಲೆಲ್ಲ ಹರಿದಿತ್ತು. ಮೊದಲ ಪುಟದಲ್ಲಿ ಅಜ್ಜಿಯ ಅಮ್ಮನ ಹೆಸರು, ಪ್ರಾಯ 68, ಕೆಳಗೆ ಹೆಬ್ಬೆಟ್ಟಿನ ಗುರುತು. ಅಂದ್ರೆ ಸುಮಾರು 1885ರಲ್ಲಿ ಹುಟ್ಟಿದವರು. ಹೆಸರಿನ ಹಿಂದೆ ‘ದಿವಂಗತ’ ಅಂತ ಬರೆದು ಅವರ ತಾಯಿಯ ಹೆಸರೂ ಇತ್ತು, ಅದನ್ನು ನಮ್ಮಲ್ಲಿ ಯಾರೂ ಕೇಳಿರ್ಲಿಲ್ಲ. ಆ ಹೆಬ್ಬೆಟ್ಟಿನ ಮೇಲೆ ಕೈಯಿಟ್ಟು ಅಮ್ಮ ಸುಮಾರು ಹೊತ್ತು ಕೂತಿದ್ರು. (ಪ್ರಾಯ ಅಂದಾಜಿಗೆ ಬರೆಸ್ತಿದ್ದದ್ದು, ಐದು ವರ್ಷ ಆಚೀಚೆ ಇಟ್ಕೊಳ್ಳಿ.)

ಮನೆಯಲ್ಲಿ ಇಲ್ಲದಿದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಕಲು ತೆಗಿಬಹುದು. ಅಲ್ಲಿ ಒಂದು ಇಂಡೆಕ್ಸ್ ಹೆಸರಿನದ್ದು, ಇನ್ನೊಂದು ಜಾಗದ್ದು, ಫೀಸು ಕಟ್ಟಿ ನೋಡ್ಲಿಕ್ಕೆ ಕೇಳಿ. ಯಜಮಾನನ ಹೆಸರು, ಗ್ರಾಮ, ವರ್ಗದ (ಕಂದಾಯ ಲೆಕ್ಕದ ಜಮೀನಿನ) ಹೆಸರು ಗೊತ್ತಿದ್ರೆ ಕೆಲಸ ಹಗುರ. ಪಾಲಿಗೆ ಕೋರ್ಟಿಗೆ ಹೋದ ಕುಟುಂಬ ಆದ್ರೆ ದಾವೆಯ ಕಾಗದದಲ್ಲಿ ವಂಶವೃಕ್ಷವೇ ಇರ್ತದೆ, ಜಗಳದಿಂದ ನಮಗೆ ಒಂದು ಉಪಕಾರ ಆಯ್ತು ಅಂತ ತಿಳ್ಕೊಳ್ಳಿ.

ಸ್ವಂತ ಭೂಮಿ ಇಲ್ಲದೆ ಗೇಣಿಗೆ ಮಾಡ್ತಿದ್ದ ಮನೆಯವರು ನಮಗೆಂತ ಸಿಗ್ತದೆ ಅಂತ ಸುಮ್ನಾಗ್ಬೇಡಿ. ಧಣಿಗಳ ಮನೆಯ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಬಿಡಿಸಬಹುದಾದ ಗೇಣಿ) ಚೀಟಿಗಳಲ್ಲಿ ಒಕ್ಕಲಿನವರ ಹೆಸರು ಇರ್ತದೆ, ಮತ್ತೆ 1974ರ ನಂತರ ಭೂಸುಧಾರಣೆ ಕಾಯ್ದೆಯಲ್ಲಿ ಒಕ್ಕಲಿನವರು ಜಾಗಕ್ಕೆ ಹಾಕಿದ ಡಿಕ್ಲರೇಶನ್ ಫೈಲು ತಾಲೂಕು ಆಫೀಸಿನಲ್ಲಿ ಕೇಳಿ ನೋಡಿ.

ಹಳೆ ಕಾಗದದಲ್ಲಿ ಇಸವಿ ಬದ್ಲು ‘ಫಸಲಿ’ (ಕಂದಾಯದ ವರ್ಷ) ಅಂತ ಇದ್ರೆ 590 ಸೇರಿಸಿ. ಫಸಲಿ 1310 ಅಂದ್ರೆ 1900 ಜುಲೈಯಿಂದ 1901 ಜೂನ್. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಸರ್ಕಾರದ ಹಳೆ ಕಡತ ಬೇಕಾದ್ರೆ ಬೆಂಗಳೂರಲ್ಲಿ ಅಲ್ಲ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಹುಡುಕ್ಬೇಕು.

ಕ್ರಿಶ್ಚಿಯನ್ ಮನೆಯವರಿಗೆ ದಾರಿ ಬೇರೆ. ಕಥೊಲಿಕರು ಇಗರ್ಜಿಯ ಬ್ಯಾಪ್ಟಿಸಂ, ಮದುವೆ, ಮರಣದ ಪುಸ್ತಕ ನೋಡ್ಬೇಕು, ಪಾದ್ರಿಗಳಿಗೆ ಮೊದ್ಲೇ ಪತ್ರ ಬರೆದು ಹೋದ್ರೆ ಒಳ್ಳೇದು. 1784ರಲ್ಲಿ ಟಿಪ್ಪು ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಇಗರ್ಜಿಗಳನ್ನು ಕೆಡವಿಸಿದ್ದರಿಂದ ಅದಕ್ಕಿಂತ ಹಿಂದಿನದ್ದು ಸಿಗುದು ಕಷ್ಟ. ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದದ್ದು, ಆ ಸಭೆಯವರು ಬಲ್ಮಠದ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಕೇಳಿ, ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿರುವ ಮಿಶನ್ನಿನ ಹಳೆ ಫೋಟೋಗಳನ್ನು ಆನ್‌ಲೈನಲ್ಲೂ ನೋಡ್ಬಹುದು.

ಸಿಕ್ಕಿದ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸ್ಬೇಡಿ, ಸೆಲೋಟೇಪ್ ಹಚ್ಬೇಡಿ. ಹಗಲು ಬೆಳಕಲ್ಲಿ ಎರಡೂ ಬದಿ ಫೋಟೋ ತೆಗ್ದು, ಮಳೆಗಾಲದ ತಂಡಿ ತಾಗದ ಜಾಗದಲ್ಲಿ ಇಡಿ, ಒಂದು ಪ್ರತಿ ಕುಟುಂಬದ ವಾಟ್ಸಾಪ್ ಗ್ರೂಪಿಗೂ ಹಾಕಿ.