ಹುಣ್ಣಿಮೆ ನೋಡ್ಕೊಂಡು ಕುಮಟಾ ಕಡೆ ಬೈಕಲ್ಲಿ ನಾಲ್ಕು ದಿನ – ನನ್ನ ಅನುಭವ

ಮೂರನೇ ಸಲಕ್ಕೆ ಸರಿಯಾಯ್ತು. ಮಲೆನಾಡಿನ ನಮ್ಮ ಸಾಗರದಿಂದ ನಾನೂ ನನ್ನ ಹೆಂಡ್ತಿನೂ ಬೈಕಲ್ಲಿ ಘಟ್ಟ ಇಳಿದು ಹೊನ್ನಾವರದಿಂದ ತದಡಿ ತನಕ ಇರೋ ಆ ಒಂದು ತುಂಡು ಕರಾವಳಿನ ನಾಲ್ಕು ದಿನ ನೋಡ್ಕೊಂಡು ಬಂದ್ವಿ, ಖರ್ಚು ಎಲ್ಲಾ ಸೇರಿ ಆರು ಸಾವಿರದ ಒಳಗೆ. ಹೊರಡುವಾಗ ನಮ್ಮ ಭಾವ "ಅದಕ್ಕೆ ನಾಲ್ಕು ದಿನ ಎಂತಕ್ಕೆ ಮಾರಾಯ, ಬೆಳಿಗ್ಗೆ ಹೋದ್ರೆ ರಾತ್ರಿ ಊಟಕ್ಕೆ ಮನೇಲಿರ್ಬೋದು" ಅಂದಿದ್ದ. ಈಗ ಮುಂದಿನ ಸಲ ನಾವೂ ಬರ್ತೇವೆ ಅಂತ ಅವನೇ ಫೋನ್ ಮಾಡ್ತಾನೆ.

ಮೊದಲ ಸಲ ದಸರಾ ರಜೆಲಿ ಕಾರು ಮಾಡ್ಕೊಂಡು ಎರಡು ಮನೆಯವರು ಹೋಗಿದ್ವಿ. ಎರಡು ದಿನದಲ್ಲಿ ಇಡಗುಂಜಿ, ಮುರುಡೇಶ್ವರ, ಮಿರ್ಜಾನ್ ಕೋಟೆ, ಗೋಕರ್ಣ, ಓಂ ಬೀಚ್. ಹದಿನಾರೋ ಹದಿನೇಳೋ ಸಾವಿರ ಹೋಯ್ತು, ನೋಡಿದ್ದು ಹೆದ್ದಾರಿ ಮತ್ತೆ ಪಾರ್ಕಿಂಗು. ಎರಡನೇ ಸಲ ಅಮಾವಾಸ್ಯೆ ಹತ್ರ ಸಮುದ್ರ ಚೆನ್ನಾಗಿ ಇಳಿತದೆ ಅಂತ ಲೆಕ್ಕ ಹಾಕಿ ಹೊರಟೆ, ಆ ಅಮಾವಾಸ್ಯೆ ಹಿಂದಿನ ದಿನವೇ ಶಿವರಾತ್ರಿ ಅನ್ನೋದು ತಲೆಗೇ ಬರ್ಲಿಲ್ಲ, ಗೋಕರ್ಣದಲ್ಲಿ ಕಾಲಿಡೋಕೆ ಜಾಗ ಇಲ್ಲ, ರೂಮಿಗೆ ಕೊಟ್ಟ ಎರಡು ಸಾವಿರ ಅಡ್ವಾನ್ಸೂ ವಾಪಸ್ ಬರ್ಲಿಲ್ಲ. ಮೇಲಿಂದ ಅಘನಾಶಿನಿ ಊರಿನ ಧಕ್ಕೆ ತನಕ ಕಾರು ತಗೊಂಡು ಹೋದ್ರೆ ಬೋಟಿಗೆ ಬೈಕ್ ಮಾತ್ರ ಹತ್ತಿಸ್ತಿದ್ರು. ಹೊಳೆ ಆಚೆ ಎದುರಿಗೇ ಕಾಣೋ ತದಡಿಗೆ ಕುಮಟಾ, ಮಿರ್ಜಾನ್ ಮೇಲೆ ಮೂವತ್ತು ಕಿಲೋಮೀಟರ್ ಮೇಲೇ ಸುತ್ತಿದ್ವಿ.

ಆಮೇಲೆ ಗೋಡೆ ಕ್ಯಾಲೆಂಡರ್ ಹಿಡ್ಕೊಂಡು ಕೂತೆ. ಅಮಾವಾಸ್ಯೆ ಬೇಡ, ಫಾಲ್ಗುಣದ ಹುಣ್ಣಿಮೆ ಬೇಕು. ಅಷ್ಟೊತ್ತಿಗೆ ಕೊನೆಕೊಯ್ಲು ಮುಗಿದು ಅಡಕೆ ಒಣಗಿರ್ತದೆ, ಮನೇಲಿ ಯಾರೂ ಕರೆಯಲ್ಲ. ಹುಣ್ಣಿಮೆ ದಿನ ಆ ಕಡೆ ಬೆಳಿಗ್ಗೆ ಹನ್ನೊಂದರ ಹತ್ರ ಉಬ್ಬರ, ಸಂಜೆ ಐದರ ಹತ್ರ ಇಳಿತ. ದಿನಕ್ಕೆ ಸುಮಾರು ಐವತ್ತು ನಿಮಿಷ ತಡ ಆಗ್ತಾ ಹೋಗ್ತದೆ, ಅಂದ್ರೆ ಚತುರ್ದಶಿ ದಿನ ಹತ್ತು ಗಂಟೆಗೇ ನೀರು ತುಂಬಿರ್ತದೆ. ದೋಣಿ ಬೆಳಿಗ್ಗೆ, ನಡೆಯೋದು ಸಂಜೆ. ನನ್ನ ಪ್ಲಾನ್ ಇಷ್ಟೇ, ಮತ್ತೆ ಹೋಗೋ ದಿನ, ಬರೋ ದಿನ ಬಿಟ್ಟು ದಿನಕ್ಕೆ ನಲವತ್ತು ಕಿಲೋಮೀಟರ್ ದಾಟಬಾರ್ದು.

ದ್ವಾದಶಿ ಬೆಳಿಗ್ಗೆ ಜೋಗದ ಮೇಲೆ ಗೇರುಸೊಪ್ಪೆ ಘಾಟಿ ಇಳಿದ್ವಿ, ಆ ದಿನ ನೂರರ ಮೇಲೆ ಆಯ್ತು. ನಗರಬಸ್ತಿಕೇರಿ ಚತುರ್ಮುಖ ಬಸದಿಲಿ ಅರ್ಧ ದಿನ ಕೂತ್ವಿ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಊರು, ಈಗ ಸುತ್ತ ಕಾಡು, ನಾಲ್ಕೂ ದಿಕ್ಕಿಗೆ ಬಾಗಿಲು, ಒಬ್ಬ ಮನುಷ್ಯ ಇಲ್ಲ. ರಾತ್ರಿ ಧಾರೇಶ್ವರ. ಮರುದಿನ ಬಾಡ, ಕಾಗಾಲ. ಕಾಗಾಲ ಕಡೆ ಒಂದು ಮನೇಲಿ ಎರಡು ರಾತ್ರಿ ಉಳಿದ್ವಿ, ರಾತ್ರಿಗೆ ಎಂಟುನೂರು, ಊಟ ಬೇರೆ. ಆ ಮನೆ ಹೇಗೆ ಸಿಕ್ತು ಅಂತ ಕೇಳ್ಬೇಡಿ, ಅದು ನನ್ನ ಹತ್ರವೇ ಇರ್ಲಿ.

ಅವತ್ತು ಸಂಜೆ ಅಘನಾಶಿನಿ ಹೊಳೆ ಸಮುದ್ರ ಸೇರೋ ಅಳಿವೆಲಿ ನೀರು ಇಳಿದಾಗ ಕಂಡಿದ್ದನ್ನ ಹೇಳ್ಲೇಬೇಕು. ಬೆಳಿಗ್ಗೆ ಹೊಳೆ ಆಗಿದ್ದ ಜಾಗ ಸಂಜೆ ಗದ್ದೆ ಥರ. ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಕಾಲಲ್ಲೇ ಮಣ್ಣು ತಡಕ್ತಾ ಬಳಚು (ಚಿಪ್ಪಿನ ಮೀನು) ತೆಗೀತಿದ್ರು, ಹಗ್ಗಕ್ಕೆ ಕಟ್ಟಿದ ಪಾತ್ರೆ ಪಕ್ಕದಲ್ಲೇ ತೇಲ್ತಾ ಅವರ ಹಿಂದೆ ಬರ್ತಿತ್ತು. ಹಿಂದೆ ಕಗ್ಗ ಭತ್ತ ಬೆಳೆಯೋ ಗಜನಿ ಗದ್ದೆ, ಉಪ್ಪು ನೀರು ನಿಂತ್ರೂ ಸಾಯದ ಭತ್ತ ಅದು. ನಮ್ಮ ಗದ್ದೆಗೆ ಎರಡು ಬೀಜ ಕಾಳು ತಂದು ಹಾಕಿ ನೋಡಿದೆ, ಎತ್ತರ ಬೆಳೆದು ಮಲಗಿಬಿಡ್ತು, ಅದು ಆ ನೀರಿಗೇ ಸರಿ.

ಚತುರ್ದಶಿ ಬೆಳಿಗ್ಗೆ ತದಡಿಗೆ ದೋಣಿ. ನೀರು ತುಂಬಿದ್ರೆ ಧಕ್ಕೆಯಿಂದ ದೋಣಿಗೆ ಹಾಕೋ ಹಲಗೆ ಮಟ್ಟಸ ಇರ್ತದೆ, ಬೈಕ್ ತಳ್ಳಿದ್ರೆ ಒಳಗೆ. ಇಳಿತದಲ್ಲಿ ಅದೇ ಹಲಗೆ ಏಣಿ ಥರ ನಿಲ್ತದೆ, ಇಬ್ರು ಹಿಡೀಬೇಕು. ಇಬ್ರಿಗೂ ಬೈಕಿಗೂ ಸೇರಿ ಐವತ್ತು ರೂಪಾಯಿ ಒಳಗೇ ಅಂತ ನೆನಪು. ಆಚೆ ಸಾಣಿಕಟ್ಟಾದ ಉಪ್ಪಿನ ಗದ್ದೆಲಿ ಉಪ್ಪು ಎಳೀತಿದ್ರು, ಸ್ವಲ್ಪ ಕೆಂಪು ಬಣ್ಣದ ಹರಳು, ಹತ್ತು ಕೆಜಿ ಕಟ್ಟಿಸ್ಕೊಂಡೆ. ವಾಪಸ್ ಮಾದನಗೇರಿ, ಮಿರ್ಜಾನ್ ಮೇಲೆ ಬರುವಾಗ ರಸ್ತೆ ಬದಿ ಅಂಗಳದಲ್ಲಿ ಹಾಲಕ್ಕಿ ಒಕ್ಕಲಿಗರು ಈ ಹುಣ್ಣಿಮೆ ಹೊತ್ತಿಗೆ ಕುಣಿಯೋ ಸುಗ್ಗಿ ಕುಣಿತ ಸಿಕ್ತು, ತಲೆ ಮೇಲೆ ತುರಾಯಿ, ಕೈಲಿ ಕೋಲು. ಇದು ಪ್ಲಾನಲ್ಲಿ ಇರ್ಲಿಲ್ಲ ಅಂದ್ರೆ ಸುಳ್ಳಾಗ್ತದೆ, ಹುಣ್ಣಿಮೆ ಆರಿಸಿದ್ದಕ್ಕೆ ಅದೂ ಒಂದು ಕಾರಣ. ಒಂದೂವರೆ ಗಂಟೆ ನಿಂತ್ವಿ, ಬೈಕ್ ಮೇಲೆ ಬಿಸಿಲಲ್ಲಿ ಉಪ್ಪು ಇದೆ ಅನ್ನೋದೂ ಮರೆತೋಯ್ತು.

ಹುಣ್ಣಿಮೆ ದಿನ ಮನೆಗೆ ಬರುವಾಗ ಹೆದ್ದಾರಿ ಪಕ್ಕ ಕುಮಟಾ ಈರುಳ್ಳಿ, ಜಡೆ ಥರ ಹೆಣೆದು ತೂಗು ಹಾಕಿರ್ತಾರೆ, ನಾಲ್ಕು ಜಡೆ ತಗೊಂಡೆ. ಸಂತೇಗುಳಿ ಮೇಲೆ ದೊಡ್ಮನೆ ಘಾಟಿ ಹತ್ತಿ ಸಿದ್ದಾಪುರ, ತಾಳಗುಪ್ಪ, ಮನೆ. ಪೆಟ್ರೋಲ್ ಆರೂವರೆ ಲೀಟರ್ ಆಗಿರ್ಬೋದು.

ಆ ಉಪ್ಪಿಂದ ಈ ವರ್ಷ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ವಿ, ಇನ್ನೊಂದಕ್ಕೆ ಅಂಗಡಿ ಹರಳುಪ್ಪು. ಸಾಣಿಕಟ್ಟಾದ್ದು ಒಂದು ಹಿಡಿ ಜಾಸ್ತಿ ಬೇಕಾಯ್ತು, ಆದ್ರೆ ಮಿಡಿ ಒಂದೇ ಸಮ ಸುಕ್ಕಾಗಿದೆ, ಕಚ್ಚಿದ್ರೆ ಇನ್ನೂ ಕರುಂ ಅಂತದೆ. ಭಾವನ ಮನೆಗೆ ಅರ್ಧ ಭರಣಿ ಆಗ್ಲೇ ಹೋಯ್ತು, ಮುಂದಿನ ಸಲ ಇಪ್ಪತ್ತು ಕೆಜಿ ತರ್ಬೇಕು.