ಟಿಬಿ ಪ್ರೋಟೀನು ಹರಳಾಗಲಿಲ್ಲ, ಅದರ ತಂಗಿ ಆಯಿತು

ನನ್ನ ಪಿಎಚ್‌ಡಿಗೆ ಸಿಕ್ಕಿದ್ದು ಟಿಬಿ ರೋಗಾಣುವಿನ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನು. ಅದರ ಆಕಾರ ಗೊತ್ತಾದರೆ ಅದಕ್ಕೆ ಅಡ್ಡ ಕೂರುವ ಔಷಧಿ ಹುಡುಕಲು ದಾರಿಯಾಗುತ್ತದೆ. ಎಕ್ಸ್‌-ರೇ ಹಾಯಿಸಿ ಆಕಾರ ನೋಡಬೇಕಾದರೆ ಮೊದಲು ಪ್ರೋಟೀನು ಹರಳು ಕಟ್ಟಬೇಕು. ನಾನು ಎರಡು ವರ್ಷ ಕಳೆದದ್ದು ಅಲ್ಲೇ.

ಟಿಬಿ ಬ್ಯಾಕ್ಟೀರಿಯಾ ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಅದಕ್ಕೇ ಕಿಣ್ವದ ಜೀನನ್ನು ಬೇಗ ಬೆಳೆಯುವ ಇ. ಕೋಲೈ ಬ್ಯಾಕ್ಟೀರಿಯಾಗೆ ಸೇರಿಸಿ ಪ್ರೋಟೀನು ಮಾಡಿಸುತ್ತೇವೆ. 37 ಡಿಗ್ರಿಯಲ್ಲಿ ಬೆಳೆಸಿದಾಗ ಪ್ರೋಟೀನೆಲ್ಲ ಗಂಟುಕಟ್ಟಿ ತಳ ಸೇರಿತು. 18 ಡಿಗ್ರಿಗೆ ಇಳಿಸಿ ರಾತ್ರಿಯಿಡೀ ಬಿಟ್ಟಾಗ ಕರಗಿದ್ದು ಸಿಕ್ಕಿತು. ನಿಕಲ್ ಕಾಲಮ್‌ನಲ್ಲಿ ಶುದ್ಧ ಮಾಡಿ, ಗಾಜಿನ ಕವರ್‌ಸ್ಲಿಪ್ ಅಡಿಗೆ ಹರಳಾಗಲೆಂದು ಹನಿ ಹನಿ ತೂಗುಬಿಟ್ಟೆ. ದಿನಾ ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಡೆದ ಹಾಲಿನಂಥ ಬಿಳಿ ಕೆಸರು. ಒಮ್ಮೆ ಮಾತ್ರ ಚೆಂದದ ಹರಳು ಬಂತು. ಸೂಜಿ ತಾಗಿಸಿದೆ, ಟಕ್ ಅಂತ ಒಡೆಯಿತು. ಪ್ರೋಟೀನಿನ ಹರಳು ಮೆತ್ತಗೆ ಪುಡಿಯಾಗುತ್ತದೆ. ಇದು ಬರೀ ಉಪ್ಪು. ಅವತ್ತು ಊಟ ಸೇರಲಿಲ್ಲ.

ಕೊನೆಗೆ ಮೇಲಿನ ಮಹಡಿಯ ಜೀವರಸಾಯನ ಲ್ಯಾಬಿಗೆ ಹೋದೆ. ನಾನು ಮೊದಲೇ ಹೋಗಬೇಕಿತ್ತು. ಅಲ್ಲಿನ ಮೇಡಂ ನನ್ನ ಪ್ರೋಟೀನಿಗೆ ಪ್ರೋಟೀನು ಕತ್ತರಿಸುವ ಟ್ರಿಪ್ಸಿನ್ ಸ್ವಲ್ಪವೇ ಹಾಕಿ, ತುಂಡುಗಳನ್ನು ಜೆಲ್ಲಿನಲ್ಲಿ ಓಡಿಸಿ ನೋಡಿದರು. ಒಂದು ತುದಿ ತಕ್ಷಣ ಕತ್ತರಿಸಿಹೋಗಿತ್ತು. "ಈ ಬಾಲ ಸುಮ್ನೆ ಅಲ್ಲಾಡ್ತಿದೆ, ಅದಕ್ಕೇ ಸಾಲಾಗಿ ಕೂರ್ತಿಲ್ಲ. ಬಾಲ ತೆಗೀರಿ. ಸ್ಮೆಗ್ಮ್ಯಾಟಿಸ್‌ನ ಇದೇ ಕಿಣ್ವದ ಜೀನೂ ನಮ್ಮ ಫ್ರೀಜರಲ್ಲಿದೆ, ತಗೊಂಡು ಹೋಗಿ" ಅಂದರು.

ಸ್ಮೆಗ್ಮ್ಯಾಟಿಸ್ ಟಿಬಿ ರೋಗಾಣುವಿನ ಸಾಧು ಸಂಬಂಧಿ, ಮಣ್ಣಿನಲ್ಲಿ ಸಿಗುತ್ತದೆ. ಕಿಣ್ವ ಕೆಲಸ ಮಾಡುವ ಜಾಗ ಎರಡರಲ್ಲೂ ಒಂದೇ ಥರ. ಬೆಂಗಳೂರಿಗೆ ಈ ದಾರಿ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ಮತ್ತು ಎಂ. ವಿಜಯನ್ ಅವರ ತಂಡಗಳು ಸೇರಿ 2000ದಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ರಿಪೇರಿಗೆ ಬೇಕಾದ ರೆಕ್‌ಎ ಪ್ರೋಟೀನಿನ ರಚನೆ ಪ್ರಕಟಿಸಿದ್ದವು, ಆಮೇಲೆ ಸ್ಮೆಗ್ಮ್ಯಾಟಿಸ್‌ದನ್ನೂ. ಸಿಯಾಟಲ್‌ನ ಸೋಂಕುರೋಗ ರಚನಾ ಕೇಂದ್ರವೂ ಟಿಬಿ ಪ್ರೋಟೀನು ಹಟ ಮಾಡಿದಾಗ ಅದರ ಸಂಬಂಧಿಗಳನ್ನು ಹಿಡಿಯುತ್ತದೆ. ತನ್ನ ಕ್ಲೋನುಗಳನ್ನು, ಅಂದರೆ ಪ್ರೋಟೀನಿನ ಜೀನು ಸೇರಿಸಿಟ್ಟ ಡಿಎನ್‌ಎಯನ್ನು, ಕೇಳಿದವರಿಗೆ ಕೊಡುತ್ತದೆ ಕೂಡ.

ಬಾಲ ತೆಗೆದ ಟಿಬಿ ಪ್ರೋಟೀನು ಮತ್ತೆ ಕೆಸರಾಯಿತು. ಬಾಲ ತೆಗೆದ ತಂಗಿ, ಅಂದರೆ ಸ್ಮೆಗ್ಮ್ಯಾಟಿಸ್ ಪ್ರೋಟೀನು, ಆರನೇ ದಿನ ಹರಳಾಯಿತು. ಸೂಜಿಗೆ ಮೆತ್ತಗೆ ಪುಡಿಯಾಯಿತು! ಉಳಿದ ಹರಳುಗಳನ್ನು ದ್ರವ ಸಾರಜನಕದಲ್ಲಿಟ್ಟು, ಪ್ರಖರ ಎಕ್ಸ್‌-ರೇ ಕೊಡುವ ಸಿಂಕ್ರೋಟ್ರಾನ್‌ಗೆ ಕಳಿಸಿದೆವು. ಅಲ್ಲಿನ ಎಕ್ಸ್‌-ರೇ ಅಳತೆಗಳಿಂದ ಆಕಾರದ ಲೆಕ್ಕ ಬಿಡಿಸಲು, ಹೋಲುವ ಪ್ರೋಟೀನಿನ ರಚನೆಯೊಂದು ಮಾದರಿಯಾಗಿ ಬೇಕಿತ್ತು. ಅಂಥದ್ದನ್ನು 1971ರಿಂದ ನಡೆದುಬಂದ, ರಚನೆಗಳ ಮುಕ್ತ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಯಾರೋ ಇಟ್ಟಿದ್ದರು. ಅವರ ಮುಖವನ್ನೂ ನಾನು ನೋಡಿಲ್ಲ.

ನಮ್ಮ ರಚನೆಯನ್ನೂ ಪ್ರಬಂಧ ಅಚ್ಚಾಗುವ ಮೊದಲೇ ಅಲ್ಲಿ ಎಲ್ಲರಿಗೂ ತೆರೆದಿಟ್ಟೆವು. ಯಾರಾದರೂ ನಮಗಿಂತ ಮುಂದೆ ಹೋಗಿಬಿಟ್ಟರೆ ಅಂತ ಭಯ ಇತ್ತು, ಆದರೂ ಇಟ್ಟೆವು. ಎರಡು ತಿಂಗಳಿಗೆ ಒಬ್ಬ ರಸಾಯನತಜ್ಞೆ ಬರೆದರು, ಕ್ಲೋನ್ ಸಿಗುತ್ತಾ ಅಂತ. ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಡಿಎನ್‌ಎ ಒಣಗಿಸಿ, ಪೆನ್ಸಿಲ್‌ನಿಂದ ಸುತ್ತು ಹಾಕಿ, ಲಕೋಟೆಯಲ್ಲಿಟ್ಟು ಅವತ್ತೇ ಸಂಜೆ ಅಂಚೆಗೆ ಹಾಕಿದೆ.